ಸಂಸ್ಮರಣ ಗ್ರಂಥಕ್ಕೆ ರೇಡಿಯೊದ ಮಾತು: ಯಾರನ್ನು ಕೇಳಬೇಕು?

ಉಡುಪಿಯಿಂದ ಪ್ರಶ್ನೆ:
ತಾಳಮದ್ದಳೆಯಲ್ಲಿ (ವೇಷ, ಕುಣಿತವಿಲ್ಲದೆ ಕುಳಿತು ಪದ್ಯ, ಮಾತುಗಳಲ್ಲೇ ಕಥೆ ನಡೆಸುವ ಯಕ್ಷಗಾನ) ಅರ್ಥಧಾರಿಯಾಗಿದ್ದ, ಎಂದರೆ ಪಾತ್ರದ ಮಾತು ಹೇಳುತ್ತಿದ್ದ ನಮ್ಮ ತಂದೆಯವರ ಸಂಸ್ಮರಣ ಗ್ರಂಥ ಅಚ್ಚಿಗೆ ಹೋಗಲಿದೆ. 1998ರಲ್ಲಿ ಮಂಗಳೂರು ಆಕಾಶವಾಣಿಯಲ್ಲಿ ಪ್ರಸಾರವಾದ ‘ಭೀಷ್ಮ ವಿಜಯ’ ಕೂಟದ ಸಂವಾದವನ್ನೂ ಅದೇ ವರ್ಷದ ಅವರ ಸಂದರ್ಶನವನ್ನೂ ಮನೆಯ ಕ್ಯಾಸೆಟ್ಟಿನಿಂದ ಕೇಳಿ ಬರೆದುಕೊಂಡಿದ್ದೇವೆ. ತಂದೆಯವರದು ಭೀಷ್ಮ, ಪರಶುರಾಮನ ಅರ್ಥ ಹೇಳಿದವರೂ ಈಗ ಇಲ್ಲ. 500 ಪ್ರತಿ, ಮಾರಾಟಕ್ಕಲ್ಲ. ಧ್ವನಿ ಕೇಳಿಸಲು ಒಂದು ಕ್ಯೂಆರ್ ಕೋಡ್ ಹಾಕುವ ಆಸೆಯೂ ಇದೆ. ಯಾರ ಅನುಮತಿ ಬೇಕು? ಅನುಭವವಿದ್ದವರು ತಿಳಿಸಿ.

ಬ್ರಹ್ಮಾವರದಿಂದ:
ಇಂತಹ ಎರಡು ಗ್ರಂಥಗಳ ಸಂಪಾದಕ ಮಂಡಳಿಯಲ್ಲಿ ಇದ್ದೆ. ಮೊದಲನೆಯದಕ್ಕೆ ನಾವೂ ‘ಮಾರುವುದಿಲ್ಲವಲ್ಲ’ ಎಂದೇ ಧೈರ್ಯ ತಂದುಕೊಂಡಿದ್ದೆವು. ಪುಕ್ಕಟೆ ಹಂಚಿದ ಮಾತ್ರಕ್ಕೆ ಕಾನೂನು ಬಿಟ್ಟುಬಿಡುವುದಿಲ್ಲ ಎಂದು ಆಮೇಲೆ ವಕೀಲರು ಹೇಳಿದರು.

ಕ್ಯಾಸೆಟ್ ನಿಮ್ಮದು, ಅದರೊಳಗಿನದೆಲ್ಲ ನಿಮ್ಮದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಸಾರ ಸಂಸ್ಥೆಯ ಹಕ್ಕು 25 ವರ್ಷ, ಪ್ರಸಾರವಾದ ಮರುವರ್ಷದ ಜನವರಿಯಿಂದ ಲೆಕ್ಕ. ನಿಮ್ಮದು 1998ರದು, 2023ರ ಕೊನೆಗೆ ಮುಗಿಯಿತು. ಅಷ್ಟಕ್ಕೂ ಆ ಹಕ್ಕು ಇರುವುದು ಮರುಪ್ರಸಾರ, ಧ್ವನಿಮುದ್ರಣ, ಅದರ ಪ್ರತಿ ತೆಗೆಯುವುದು ಮುಂತಾದವಕ್ಕೆ. ಪುಟದಲ್ಲಿ ಅಚ್ಚಾಗುವುದು ಮಾತು. ಮಾತಿಗೆ ಬೇರೆ ಒಡೆಯರಿದ್ದಾರೆ. ಅವರ ಹಕ್ಕು ಜೀವಿತಾವಧಿ ಮತ್ತು ಆಮೇಲೆ 60 ವರ್ಷ.

ತಾಳಮದ್ದಳೆಯಲ್ಲಿ ಇದು ಇನ್ನಷ್ಟು ಗೋಜಲು. ಪದ್ಯ ಪ್ರಸಂಗಕರ್ತರದು, ಎಂದರೆ ಆ ಕಥೆಯನ್ನು ಹಾಡುಗಳಲ್ಲಿ ಬರೆದ ಕವಿಯದು. ನಂದಳಿಕೆಯ ಮುದ್ದಣನ ಪದ್ಯವಾದರೆ ಚಿಂತೆಯಿಲ್ಲ, ಆತ ತೀರಿಕೊಂಡದ್ದು 1901ರಲ್ಲಿ. ಇತ್ತೀಚಿನ ಪ್ರಸಂಗವಾದರೆ ಕವಿಯ ಮನೆಯವರನ್ನು ಕೇಳಬೇಕು. ಅರ್ಥ, ಎಂದರೆ ಪಾತ್ರದ ಮಾತು, ಆ ಹೊತ್ತಿಗೆ ನಾಲಗೆಯಲ್ಲಿ ಹುಟ್ಟಿದ್ದು. ಭೀಷ್ಮನ ಮಾತು ನಿಮ್ಮ ಕುಟುಂಬದ್ದು ಎನ್ನಬಹುದು, ಪರಶುರಾಮನದು ಖಂಡಿತ ಅಲ್ಲ.

ನಾವು ಎಡವಿದ್ದು ಇಲ್ಲಿಯೇ. ‘ಕೃಷ್ಣ ಸಂಧಾನ’ದ ಸಂವಾದ ಹಾಕುವಾಗ ನಮ್ಮ ಕೃಷ್ಣನ ಮಾತುಗಳನ್ನು ಪೂರ್ತಿ ಉಳಿಸಿ, ಕೌರವನ ವಾದವನ್ನು ಎರಡು ಸಾಲಿಗೆ ಇಳಿಸಿದೆವು. ಬಿಡುಗಡೆಯಾದ ಮೂರನೆಯ ದಿನ ಆ ಕಲಾವಿದರ ಮಗ ಫೋನ್ ಮಾಡಿದರು. ದುಡ್ಡಿನ ಮಾತೇ ಎತ್ತಲಿಲ್ಲ. ‘ನಮ್ಮ ತಂದೆ ಅಷ್ಟು ಸುಲಭದಲ್ಲಿ ಸೋತವರಲ್ಲ’ ಎಂದರು. ಕಾಯ್ದೆಯ 57ನೆಯ ಕಲಮು ಹೇಳುವುದೂ ಇದನ್ನೇ: ಕರ್ತೃವಿನ ಗೌರವಕ್ಕೆ ಕುಂದಾಗುವಂತೆ ಮಾತನ್ನು ತಿರುಚಬಾರದು, ಅವರ ಕಾಲಾನಂತರ ವಾರಸುದಾರರು ಪ್ರಶ್ನಿಸಬಹುದು. ಕೊನೆಗೆ ಸಂಧಾನಕ್ಕೆ ನಾವೇ ಹೋಗಿ, ಬಿಟ್ಟ ಭಾಗವನ್ನು ಬೇರೆ ಹಾಳೆಯಲ್ಲಿ ಅಚ್ಚು ಹಾಕಿಸಿ ಉಳಿದ ಪ್ರತಿಗಳಿಗೆ ಅಂಟಿಸಿದೆವು. ಎರಡನೆಯ ಗ್ರಂಥಕ್ಕೆ ಮೊದಲೇ ಟೈಪಾದ ಹಾಳೆ ಹಿಡಿದು ಮನೆ ಮನೆಗೆ ಹೋದೆವು. ಒಬ್ಬರೂ ಬೇಡವೆನ್ನಲಿಲ್ಲ. ಮೂರು ಮನೆಗಳಲ್ಲಿ ಊಟವೂ ಆಯಿತು.

ಕದ್ರಿಯಿಂದ:
ಸಂದರ್ಶನದಲ್ಲಿ ಪ್ರಶ್ನೆ ಕೇಳಿದವರೂ ಇದ್ದಾರಲ್ಲ! ಅವರು ಆಕಾಶವಾಣಿ ನಿಲಯದ ನೌಕರರಾಗಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಪ್ರಶ್ನೆಗಳ ಹಕ್ಕು ಸಂಸ್ಥೆಯದು. ಹೊರಗಿನವರಾಗಿದ್ದರೆ ಕರಾರುಪತ್ರ ನೋಡಬೇಕು. ತಂದೆಯವರ ಕಡತದಲ್ಲಿಯೂ ಅವರು ಸಹಿ ಹಾಕಿದ ಕರಾರು ಇದೆಯೇ ಹುಡುಕಿ, ಅವರ ಉತ್ತರಗಳ ಹಕ್ಕು ಯಾರದೆಂಬುದು ಅದರಲ್ಲಿಯೇ ತಿಳಿದೀತು.

ಇಡೀ ಸಂದರ್ಶನ ಹಾಕುವುದಾದರೆ ನಿಲಯಕ್ಕೆ ಪತ್ರ ಕೊಡುವುದು ಕ್ಷೇಮ. ಪ್ರಸಾರದ ದಿನಾಂಕ, ಕಾರ್ಯಕ್ರಮದ ಹೆಸರು, ಎಷ್ಟು ಪುಟ, ಎಷ್ಟು ಪ್ರತಿ ಎಲ್ಲ ಬರೆಯಿರಿ, ಬರೆದುಕೊಂಡ ಪಠ್ಯವನ್ನೂ ಲಗತ್ತಿಸಿ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನೇ ಅನುಮತಿ ಎಂದು ತಿಳಿದು ಮುದ್ರಣಾಲಯಕ್ಕೆ ಓಡಿದವರನ್ನು ಕಂಡಿದ್ದೇನೆ. ಅದು ಅನುಮತಿಯಲ್ಲ. ‘ಹಾಕಿ, ಪರವಾಗಿಲ್ಲ’ ಎಂಬ ಬಾಯಿಮಾತೂ ಸಾಲದು, ಪರವಾನಗಿ ಬರಹದಲ್ಲಿರಬೇಕು.

ಮೂಡುಬಿದಿರೆಯಿಂದ:
ಮೇಲಿನ ಇಬ್ಬರೂ ಸ್ವಲ್ಪ ಹೆಚ್ಚೇ ಹೆದರಿಸಿದರೆಂದು ನನ್ನ ಅಭಿಪ್ರಾಯ. ತಂದೆಯವರ ವಾದವೈಖರಿಯ ಬಗ್ಗೆ ಯಾರಾದರೂ ಲೇಖನ ಬರೆದು, ಅದಕ್ಕೆ ಬೇಕಾದ ನಾಲ್ಕಾರು ಮಾತುಗಳನ್ನು ಮೂಲ ಹೇಳಿ ಉದ್ಧರಿಸಿದರೆ 52ನೆಯ ಕಲಮಿನಲ್ಲಿ ವಿಮರ್ಶೆಗೆ ಇರುವ ರಿಯಾಯಿತಿ ದೊರೆಯುತ್ತದೆ. ಇಂತಿಷ್ಟೇ ಸಾಲು ಎಂಬ ಅಳತೆ ಕಾಯ್ದೆಯಲ್ಲಿಲ್ಲ. ಲೇಖನಕ್ಕೆ ಬೇಕಾದಷ್ಟು ಮಾತ್ರ ಎತ್ತಿಕೊಂಡಿದ್ದೀರಾ ಎಂಬುದೇ ಮುಖ್ಯ. ಅನುಬಂಧದಲ್ಲಿ ಇಡೀ ಕೂಟವನ್ನು ತುಂಬಿಸಿ ಅದನ್ನು ವಿಮರ್ಶೆ ಎನ್ನಲು ಬರುವುದಿಲ್ಲ, ಅಷ್ಟೆ. ಸಂದರ್ಶನದಲ್ಲಿ ತುಳು ಮಾತುಗಳಿದ್ದು ಕನ್ನಡಕ್ಕೆ ತಂದಿದ್ದರೆ ಅನುವಾದಕ್ಕೂ ಸೇರಿಸಿಯೇ ಅನುಮತಿ ಕೇಳಿ.

ಕಾಪುವಿನಿಂದ:
ಕ್ಯೂಆರ್ ಕೋಡ್ ವಿಷಯವನ್ನು ಯಾರೂ ಎತ್ತಲಿಲ್ಲ. ಧ್ವನಿ ಹಾಕಿದಿರೋ, ಮಾತಿನ ಜೊತೆಗೆ ಪ್ರದರ್ಶನಕಾರರ ಹಕ್ಕೂ ಬರುತ್ತದೆ. ಅದು 50 ವರ್ಷ. 1998ರ ಕೂಟಕ್ಕೆ 2048ರ ತನಕ. ಪದ್ಯ ಹಾಡಿದ ಭಾಗವತರು, ಮದ್ದಳೆಯವರು, ಚೆಂಡೆಯವರು ಎಲ್ಲರೂ ಅದರಲ್ಲಿದ್ದಾರೆ. ನಾವು ಧ್ವನಿಯನ್ನು ಬಿಟ್ಟೇ ಪುಸ್ತಕ ತಂದೆವು.

ಉಡುಪಿಯಿಂದ ಮತ್ತೆ:
ಎಲ್ಲರಿಗೂ ನಮಸ್ಕಾರ. ಕರಾರುಪತ್ರ ಅಮ್ಮನ ಟ್ರಂಕಿನಲ್ಲಿ ಸಿಕ್ಕಿತು, ವಕೀಲರಿಗೆ ತೋರಿಸಬೇಕು. ಕ್ಯೂಆರ್ ಕೋಡ್ ತೆಗೆಯಲು ಮುದ್ರಣಾಲಯಕ್ಕೆ ಹೇಳಿದೆ. ಪರಶುರಾಮನ ಅರ್ಥ ಹೇಳಿದವರ ಮಗಳು ಕಿನ್ನಿಗೋಳಿಯಲ್ಲಿದ್ದಾರಂತೆ, ಭಾನುವಾರ ಹಾಳೆಗಳೊಂದಿಗೆ ಹೋಗುತ್ತೇನೆ. ಅವರ ತಂದೆಯ ಒಂದು ಮಾತನ್ನೂ ಕತ್ತರಿಸಿಲ್ಲ.