ಯೂನಿಟಿ: ಮಳೆ ಬಂದಾಗ ಒಂದೊಂದೇ ಮನೆಯ ಹೆಂಚು ಒದ್ದೆಯಾಗಬೇಕು, ಮೆಟೀರಿಯಲ್ ಬದಲಿಸುವುದು ಹೇಗೆ?

ತೀರ್ಥಹಳ್ಳಿಯಿಂದ

ನಮಸ್ಕಾರ. ಯೂನಿಟಿ ಅನ್ನುವ ಆಟ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಯುಆರ್‌ಪಿ (ಅದರ ಚಿತ್ರ ಮೂಡಿಸುವ ವ್ಯವಸ್ಥೆ) ಬಳಸಿ ಒಂದು ಚಿಕ್ಕ ಆಟ ಮಾಡುತ್ತಿದ್ದೇನೆ. ನಮ್ಮ ಕಡೆಯದೇ ಊರು: ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು, ಹಿಂದೆ ಅಡಿಕೆ ತೋಟ. ಆಗುಂಬೆ ದಿಕ್ಕಿನಿಂದ ಮಳೆ ಬರುತ್ತದೆ. ನಮ್ಮಲ್ಲಿ ಮಳೆ ಊರಿಡೀ ಒಂದೇ ಸಲ ಬೀಳುವುದಿಲ್ಲ ಅಲ್ವಾ? ಮೊದಲು ಗುಡ್ಡದ ಆಚೆ ಸದ್ದು, ಆಮೇಲೆ ತೋಟದಲ್ಲಿ, ಆಮೇಲೆ ಅಂಗಳಕ್ಕೆ. ಆಟದಲ್ಲೂ ಹಾಗೇ ಬರಬೇಕು ಅಂತ ನನಗೆ ತುಂಬಾ ಆಸೆ.

ತೊಂದರೆ ಇದು. ವಸ್ತುವಿನ ಬಣ್ಣ, ಹೊಳಪು ಹೇಳುವುದು ಮೆಟೀರಿಯಲ್; ಅದನ್ನು ಹಾಕಿ ವಸ್ತುವನ್ನು ತೆರೆಯ ಮೇಲೆ ತೋರಿಸುವುದು ರೆಂಡರರ್. ರೆಂಡರರ್‌ನ ಶೇರ್ಡ್‌ಮೆಟೀರಿಯಲ್ ತೆಗೆದುಕೊಂಡು ಬಣ್ಣ ಬದಲಿಸಿದರೆ ಎಲ್ಲ ಮನೆಗಳೂ ಒಟ್ಟಿಗೆ ಕಪ್ಪಾಗುತ್ತವೆ. ಪ್ಲೇ ನಿಲ್ಲಿಸಿದರೂ ಹಾಗೇ ಉಳಿಯುತ್ತವೆ. ಹೆಂಚು ಇರುವುದು ರೆಂಡರರ್‌ನ ಎರಡನೇ ಸ್ಲಾಟ್‌ನಲ್ಲಿ (ಎಣಿಕೆ 0ಯಿಂದ ಶುರು, ಹಾಗಾಗಿ [1]). ಮೆಟೀರಿಯಲ್ಸ್[1] ಜಾಗಕ್ಕೆ ಒದ್ದೆ ಹೆಂಚಿನ ಮೆಟೀರಿಯಲ್ ಹಾಕಿದರೆ ಎರರ್ ಬರುವುದಿಲ್ಲ, ಆದರೆ ಏನೂ ಬದಲಾಗುವುದೂ ಇಲ್ಲ. ಯಾಕೆ?

ಶಿವಮೊಗ್ಗದಿಂದ

ಎರಡನೆಯದು ಮೊದಲು. ಮೆಟೀರಿಯಲ್ಸ್ ಅಂತ ಕೇಳಿದಾಗ ಯೂನಿಟಿ ಕೊಡುವುದು ಅರೇಯ (ಮೆಟೀರಿಯಲ್‌ಗಳ ಪಟ್ಟಿಯ) ನಕಲು. ನೀವು ನಕಲಿನಲ್ಲಿ ಬದಲಿಸಿದಿರಿ, ರೆಂಡರರ್‌ಗೆ ಅದು ಗೊತ್ತೇ ಇಲ್ಲ. ಅರೇಯನ್ನು ಒಂದು ವೇರಿಯಬಲ್‌ಗೆ ತೆಗೆದುಕೊಳ್ಳಿ, [1] ಬದಲಿಸಿ, ಇಡೀ ಅರೇಯನ್ನು ವಾಪಸ್ ರೆಂಡರರ್‌ಗೆ ಕೊಡಿ. ಸುಮ್ನೆ ಅದಲುಬದಲು ಮಾಡುವುದಾದರೆ ಶೇರ್ಡ್‌ಮೆಟೀರಿಯಲ್ಸ್ ಅರೇ ಬಳಸಿ, ಮೆಟೀರಿಯಲ್‌ನ ಹೊಸ ನಕಲು ಹುಟ್ಟುವುದಿಲ್ಲ.

ಶೇರ್ಡ್‌ಮೆಟೀರಿಯಲ್ ಅಂದರೆ ಪ್ರಾಜೆಕ್ಟ್‌ನಲ್ಲಿರುವ ಅಸಲು ಫೈಲ್. ಅದರ ಬಣ್ಣ ಮುಟ್ಟಿದರೆ ಅದನ್ನು ಹಾಕಿಕೊಂಡ ಎಲ್ಲರಿಗೂ ತಟ್ಟುತ್ತದೆ. ಎಡಿಟರ್‌ನಲ್ಲಿ ಪ್ಲೇ ನಿಂತ ಮೇಲೂ ಉಳಿಯುವುದು ಅದಕ್ಕೇ. ಬರೀ ಮೆಟೀರಿಯಲ್ ಅಂತ ಕೇಳಿದರೆ ಆ ರೆಂಡರರ್‌ಗೇ ಅಂತ ಒಂದು ನಕಲು ಹುಟ್ಟುತ್ತದೆ, ಹೆಸರಿನ ಕೊನೆಗೆ ‘ಇನ್‌ಸ್ಟನ್ಸ್’ ಅಂತ ಕಾಣುತ್ತದೆ. ಮನೆಯನ್ನು ತೆಗೆದುಹಾಕುವಾಗ ಆ ನಕಲನ್ನೂ ನೀವೇ ಡಿಸ್ಟ್ರಾಯ್ ಮಾಡಬೇಕು. ಇಲ್ಲದಿದ್ದರೆ ಮೆಮೊರಿಯಲ್ಲಿ ಕೂತಿರುತ್ತದೆ.

ಇನ್ನೊಂದು, ಯುಆರ್‌ಪಿಯ ಲಿಟ್ ಶೇಡರ್‌ನಲ್ಲಿ (ಶೇಡರ್ ಅಂದರೆ ಪಿಕ್ಸೆಲ್‌ಗಳ ಬಣ್ಣ ಲೆಕ್ಕ ಹಾಕುವ ಪ್ರೋಗ್ರಾಂ) ಬಣ್ಣದ ಹೆಸರು ‘_ಬೇಸ್‌ಕಲರ್’. ಹಳೆಯ ಪಾಠಗಳಲ್ಲಿರುವ ‘_ಕಲರ್’ಗೆ ಬೆಲೆ ಕೊಟ್ಟರೆ ಏನೂ ಕಾಣುವುದಿಲ್ಲ.

ಸಾಗರದಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಮಳೆಗೆ ಮೆಟೀರಿಯಲ್ ಬದಲಿಸುವುದೇ ಬೇಡ ಮಾರಾಯ್ರೆ. ಬದಲಿಸಿದರೆ ಮನೆಯೇನೋ ಒದ್ದೆಯಾಗುತ್ತದೆ, ಆದರೆ ಒಂದೇ ಏಟಿಗೆ. ನಿಮಗೆ ಬೇಕಾದದ್ದು ಮಾಡಿನ ಮೇಲೆ ಮಳೆ ಹತ್ತಿ ಬರುವುದು.

ಶೇಡರ್ ಗ್ರಾಫ್‌ನಲ್ಲಿ (ಚಿತ್ರದ ಹಾಗೆ ಜೋಡಿಸಿ ಶೇಡರ್ ಮಾಡುವ ಸಾಧನ) ‘ಮಳೆಯ ಅಂಚು’ ಅಂತ ಒಂದು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿ, ಅದನ್ನು ಗ್ಲೋಬಲ್ ಆಗಿಡಿ, ಅಂದರೆ ಎಲ್ಲ ಮೆಟೀರಿಯಲ್‌ಗೂ ಒಂದೇ ಬೆಲೆ. ಸ್ಕ್ರಿಪ್ಟ್‌ನಲ್ಲಿ ಶೇಡರ್.ಸೆಟ್‌ಗ್ಲೋಬಲ್‌ಫ್ಲೋಟ್ ಮೂಲಕ ಪ್ರತಿ ಫ್ರೇಮ್ ಒಂದೇ ಸಂಖ್ಯೆ ಕಳಿಸಿ. ಪ್ರತಿ ಪಿಕ್ಸೆಲ್ ತನ್ನ ವರ್ಲ್ಡ್ ಪೊಸಿಷನ್ (ಆಟದ ಲೋಕದಲ್ಲಿ ಅದರ ಜಾಗ) ಆ ಅಂಚಿನ ಯಾವ ಕಡೆ ಇದೆ ಅಂತ ತಾನೇ ನೋಡಿಕೊಳ್ಳುತ್ತದೆ. ನಡುವೆ ಸ್ಮೂತ್‌ಸ್ಟೆಪ್ (0ಯಿಂದ 1ಕ್ಕೆ ನಯವಾಗಿ ಏರುವ ಲೆಕ್ಕ) ಹಾಕಿದರೆ ಅಂಚು ಮೆತ್ತಗಾಗುತ್ತದೆ. ಮೆಟೀರಿಯಲ್ ಒಂದೇ, ನಕಲು ಇಲ್ಲ, ಎಸ್‌ಆರ್‌ಪಿ ಬ್ಯಾಚರ್‌ಗೂ (ಒಂದೇ ಶೇಡರ್‌ನ ವಸ್ತುಗಳನ್ನು ಬೇಗ ಬಿಡಿಸುವ ವ್ಯವಸ್ಥೆ) ತೊಂದರೆ ಇಲ್ಲ. ಮೆಟೀರಿಯಲ್ ಪ್ರಾಪರ್ಟಿ ಬ್ಲಾಕ್ (ನಕಲು ಮಾಡದೆ ಒಂದು ವಸ್ತುವಿಗೆ ಮಾತ್ರ ಬೇರೆ ಬೆಲೆ ಕೊಡುವ ದಾರಿ) ಹಾಕಿ ಅಂತ ಯಾರಾದರೂ ಹೇಳಬಹುದು. ಯುಆರ್‌ಪಿಯಲ್ಲಿ ಅದನ್ನು ಹಾಕಿದ ವಸ್ತು ಆ ಬ್ಯಾಚರ್‌ನಿಂದ ಹೊರಗೆ ಬೀಳುತ್ತದೆ.

ದಯವಿಟ್ಟು ಗೋಡೆಗೆಲ್ಲ ಹೊಳಪು ಕೊಡಬೇಡಿ. ಜಂಬಿಟ್ಟಿಗೆ ತುಂಬಾ ತೂತು ಇರುವ ಕಲ್ಲು, ನೀರು ಒಳಗೆ ಹೋಗುತ್ತದೆ. ಬಣ್ಣ ಗಾಢವಾಗುತ್ತದೆ, ಹೊಳಪು ಕಡಿಮೆ. ಹೊಳೆಯುವುದು ನೀರು ನಿಂತ ಅಂಗಳ. ಸೂರಿನ ಕೆಳಗೆ ಗೋಡೆಯ ಮೇಲರ್ಧ ಒಣಗಿಯೇ ಇರಲಿ, ಎರಚಲು ಹೊಡೆಯುವ ಕೆಳಭಾಗ ಮಾತ್ರ ಒದ್ದೆ. ವರ್ಲ್ಡ್ ಪೊಸಿಷನ್‌ನ ಎತ್ತರದಿಂದಲೇ ಇದು ಸಿಗುತ್ತದೆ. ಎರಚಲಿಗೆ ಸೋಗೆ ತಟ್ಟಿ ಕಟ್ಟಿದ ಮನೆ ಇದ್ದರೆ ಅಲ್ಲಿ ಗೋಡೆ ಒದ್ದೆಯಾಗುವುದೇ ಬೇಡ.

ತೀರ್ಥಹಳ್ಳಿಯಿಂದ

ಇಬ್ಬರಿಗೂ ಧನ್ಯವಾದ. ಗ್ಲೋಬಲ್ ಮಾಡಿದೆ, ತೋಟದಿಂದ ಮಾಡಿಗೆ ಮಳೆ ಹತ್ತಿ ಬರುವುದು ನೋಡಿ ಮೈ ಜುಂ ಅಂತು! ತಟ್ಟಿಯನ್ನೂ ಖಂಡಿತ ಹಾಕುತ್ತೇನೆ. ಒಂದೇ ಕೊರತೆ: ಲ್ಯಾಪ್‌ಟಾಪ್‌ನಲ್ಲಿ ಅಂಚು ಚೆನ್ನಾಗಿದೆ, ಫೋನ್‌ನಲ್ಲಿ ಊರಿನ ದೂರದ ಮನೆಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಸರಿಯುತ್ತದೆ.

ಸಾಗರದಿಂದ

ಗ್ರಾಫ್‌ನ ಪ್ರಿಸಿಷನ್ (ಸಂಖ್ಯೆಯ ನಿಖರತೆ) ‘ಹಾಫ್’, ಅಂದರೆ 16 ಬಿಟ್, ಇದೆಯಾ ನೋಡಿ. ಲೋಕದ ಮೂಲಬಿಂದುವಿನಿಂದ (0,0,0) ದೂರ ಹೋದಷ್ಟೂ ಹಾಫ್‌ಗೆ ಸಣ್ಣ ಅಂತರ ಹಿಡಿಯಲು ಆಗುವುದಿಲ್ಲ, ಲ್ಯಾಪ್‌ಟಾಪ್ ಅದನ್ನು ಫ್ಲೋಟ್ ಆಗಿಯೇ ಲೆಕ್ಕ ಹಾಕುವುದರಿಂದ ಅಲ್ಲಿ ಕಾಣುವುದಿಲ್ಲ. ವರ್ಲ್ಡ್ ಪೊಸಿಷನ್ ಮತ್ತು ಅಂಚಿನ ಲೆಕ್ಕ ಎರಡನ್ನೂ ‘ಸಿಂಗಲ್’ (32 ಬಿಟ್ ಫ್ಲೋಟ್) ಮಾಡಿ. ಬಣ್ಣದ್ದು ಹಾಫ್‌ನಲ್ಲೇ ಇರಲಿ.