ವಿಂಗ್ ಟಿ ಟೀಮಿನ ಎದುರು ಮಗ ಪ್ರತಿ ಸಲ ಮೋಸ ಹೋಗುತ್ತಾನೆ, ಅವನು ಎಲ್ಲಿ ನೋಡಬೇಕು?

ಓಹಾಯೋ_ಅಪ್ಪ

ಎಲ್ಲರಿಗೂ ನಮಸ್ಕಾರ. ಮಕ್ಕಳು ಇಲ್ಲಿನ ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವವರು, ಕೋಚಿಂಗ್ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಓದಿ. ನಾವಿರುವುದು ಓಹಾಯೋದಲ್ಲಿ. ಮಗ ಹತ್ತನೇ ಕ್ಲಾಸು, ಜೆವಿ (ಜೂನಿಯರ್ ವಾರ್ಸಿಟಿ, ಅಂದರೆ ಸ್ಕೂಲಿನ ಎರಡನೇ) ಟೀಮಿನಲ್ಲಿ ಒಳಗಿನ ಲೈನ್‌ಬ್ಯಾಕರ್. ಅವರ ಡಿಫೆನ್ಸ್ 4-4. ಮುಂದೆ ನಾಲ್ಕು ಜನ, ಅವರ ಹಿಂದೆ ನಾಲ್ಕು ಲೈನ್‌ಬ್ಯಾಕರ್‌ಗಳು, ಕೊನೆಗೆ ಮೂವರು.

ಹೋದ ವಾರ ವಿಂಗ್ ಟಿ ಆಡುವ ಟೀಮು ಸಿಕ್ಕಿತು, ಅಂದರೆ ಬಾಲ್ ಯಾರ ಕೈಯಲ್ಲಿದೆ ಅಂತ ಮರೆಸಿ ಓಡುವ ಆಟದ ಪದ್ಧತಿ. ಬಾಲ್ ಹಂಚುವ ಕ್ವಾರ್ಟರ್‌ಬ್ಯಾಕ್ ಬೆನ್ನು ತಿರುಗಿಸುತ್ತಾನೆ, ಅವನ ಹಿಂದೆ ನಿಂತ ಫುಲ್‌ಬ್ಯಾಕ್ ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡು ನಡುವೆ ನುಗ್ಗುತ್ತಾನೆ, ಅವನ ಹಿಂದೆಯೇ ಇನ್ನೊಬ್ಬ ಪಕ್ಕಕ್ಕೆ ಓಡುತ್ತಾನೆ, ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಕೈಯನ್ನು ಸೊಂಟದ ಹಿಂದೆ ಬಚ್ಚಿಟ್ಟುಕೊಂಡು ಇನ್ನೊಂದು ಕಡೆ ಹೋಗಿರುತ್ತಾನೆ. ಬಾಲ್ ಯಾರ ಹತ್ತಿರ ಅಂತ ಮೇಲೆ ಕೂತ ನನಗೇ ಗೊತ್ತಾಗಲಿಲ್ಲ. ಮಗ ಫುಲ್‌ಬ್ಯಾಕ್‌ನನ್ನು ಮೂರು ಸಲ ಗಟ್ಟಿಯಾಗಿ ಕೆಡವಿದ. ಮೂರು ಸಲವೂ ಅವನ ಕೈ ಖಾಲಿ. ಆಮೇಲೆ ಹೆದರಿ ನಿಂತಲ್ಲೇ ನಿಂತ, ಆಗ ನಿಜವಾಗಿಯೂ ಫುಲ್‌ಬ್ಯಾಕ್‌ಗೇ ಕೊಟ್ಟು ಅವನ ಪಕ್ಕದಲ್ಲೇ ಓಡಿಸಿದರು.

ಕಾರಿನಲ್ಲಿ ಒಂದು ಮಾತೂ ಇಲ್ಲ. ಮನೆಗೆ ಬಂದ ಮೇಲೆ "ಅಪ್ಪಾ, ಎಲ್ಲಿ ನೋಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ" ಅಂದ. ಕೇಳಿ ಹೊಟ್ಟೆ ಚುರುಕ್ ಅಂತು.

ಇನ್ನು ಹತ್ತು ದಿನಕ್ಕೆ ಇದೇ ಥರ ಆಡುವ ಇನ್ನೊಂದು ಟೀಮು. ಕೋಚ್ "ನಿನ್ನ ಕೀ ನಂಬು" ಅನ್ನುತ್ತಾರಂತೆ (ಕೀ ಅಂದರೆ ಅವನು ಕಣ್ಣಿಡಬೇಕಾದ ಎದುರಾಳಿ ಆಟಗಾರನಂತೆ). ನಾನು ಹಾಸನದಲ್ಲಿ ಬೆಳೆದವನು, ಕ್ರಿಕೆಟ್ಟು ಕಬಡ್ಡಿ ಬಿಟ್ಟು ಬೇರೆ ಆಡಿಲ್ಲ. ಮನೆಯಲ್ಲಿ ಕೂತು ವಿಡಿಯೋ ನೋಡುವಾಗ ಅವನಿಗೆ ಏನು ತೋರಿಸಲಿ?

ಡೆಲವೇರ್_ಕನ್ನಡಿಗ

ಸರ್, ಮೊದಲು ಮಗನಿಗೆ ಹೇಳಿ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಈ ಆಟ ಹುಟ್ಟಿದ್ದೇ ಅವನಂಥ ಚುರುಕು ಹುಡುಗರ ಕಣ್ಣು ಕಟ್ಟಲು. ನಾನಿರುವುದು ಡೆಲವೇರ್‌ನ ನ್ಯೂವಾರ್ಕ್‌ನಲ್ಲಿ, ವಿಂಗ್ ಟಿಯ ತವರು ಅಂದರೆ ಇದೇ. ಡೇವ್ ನೆಲ್ಸನ್ 1951ರಲ್ಲಿ ಇಲ್ಲಿನ ಯೂನಿವರ್ಸಿಟಿಗೆ ಕೋಚ್ ಆಗಿ ಬಂದು ಇದನ್ನು ಬೆಳೆಸಿದರು. ಅವರ ನಂತರ ಟಬ್ಬಿ ರೇಮಂಡ್ 1966ರಿಂದ 2001ರವರೆಗೆ ಇದನ್ನೇ ಆಡಿಸಿ 300 ಪಂದ್ಯ ಗೆದ್ದರು. ಇಲ್ಲಿ ಆರು ವರ್ಷ ಹೈಸ್ಕೂಲು ಲೈನ್‌ಬ್ಯಾಕರ್‌ಗಳಿಗೆ ಸಹಾಯಕ ಕೋಚ್ ಆಗಿದ್ದೆ, ಆ ಅನುಭವದಿಂದ ಹೇಳುತ್ತಿದ್ದೇನೆ.

ಹಿಂದೆ ನಿಂತು ಬಾಲ್ ಹಿಡಿದು ಓಡುವ ಬ್ಯಾಕ್‌ಗಳನ್ನು ನೋಡಲೇಬಾರದು. ಗಾರ್ಡ್‌ಗಳನ್ನು ನೋಡಬೇಕು. ಮುಂದಿನ ಸಾಲಿನ ನಡುವೆ ನಿಂತು ಬಾಲ್ ಹಿಂದಕ್ಕೆ ಕೊಡುವ ಸೆಂಟರ್‌ನ ಎಡಕ್ಕೊಬ್ಬ ಬಲಕ್ಕೊಬ್ಬ ನಿಲ್ಲುತ್ತಾರಲ್ಲ, ಅವರು. ಹಿಂದಿರುವ ನಾಲ್ವರು ಏನು ನಾಟಕ ಬೇಕಾದರೂ ಆಡಲಿ, ಓಡುವವನಿಗೆ ದಾರಿ ಬಿಡಿಸಲು ಯಾರಾದರೂ ನಿಜವಾಗಿ ಹೋಗಲೇಬೇಕು ಅಲ್ವಾ? ವಿಂಗ್ ಟಿಯಲ್ಲಿ ಆ ಕೆಲಸ ಹೆಚ್ಚಾಗಿ ಗಾರ್ಡ್‌ಗಳದ್ದು. ಬಕ್ ಸ್ವೀಪ್ ಅಂದರೆ ಬಾಲ್ ಇದ್ದವನು ಪಕ್ಕಕ್ಕೆ ಓಡುವ ಆಟ, ಇಬ್ಬರೂ ಲೈನ್ ಬಿಟ್ಟು ಅದೇ ಪಕ್ಕಕ್ಕೆ ಓಡುತ್ತಾರೆ. ಟ್ರಾಪ್ ಅಂದರೆ ಫುಲ್‌ಬ್ಯಾಕ್ ಬಾಲ್ ಹಿಡಿದು ನಡುವೆ ನುಗ್ಗುವ ಆಟ, ಅಲ್ಲಿ ಆ ಕಡೆಯ ಗಾರ್ಡ್ ಸೆಂಟರ್ ಹಿಂದಿನಿಂದ ದಾಟಿ ಬಂದು ಈ ಕಡೆಯ ಲೈನ್‌ಮ್ಯಾನ್‌ಗೆ ಗುದ್ದುತ್ತಾನೆ. ವ್ಯಾಗಲ್ ಅಂದರೆ ಸ್ವೀಪ್ ಥರ ತೋರಿಸಿ ಕ್ವಾರ್ಟರ್‌ಬ್ಯಾಕ್ ಉಲ್ಟಾ ಹೊರಡುತ್ತಾನೆ, ಅಲ್ಲೂ ಗಾರ್ಡ್‌ಗಳು ಅವನ ಕಡೆಗೇ ಹೋಗುತ್ತಾರೆ. ನಿಮ್ಮ ಮಗ ಕೆಡವಿದ ಫುಲ್‌ಬ್ಯಾಕ್ ಟ್ರಾಪ್‌ನ ವೇಷ ಹಾಕಿದವನು. ಗಾರ್ಡ್‌ನನ್ನು ನೋಡಿದ್ದರೆ ಅವನ ಕಡೆಗೆ ಕಣ್ಣೇ ಹೋಗುತ್ತಿರಲಿಲ್ಲ.

ಒಂದು ಸೂಕ್ಷ್ಮ ಇದೆ. ಸ್ವೀಪ್‌ಗೆ ಹೊರಟ ಗಾರ್ಡ್ ಮೊದಲು ಒಂದೆರಡು ಹೆಜ್ಜೆ ಹಿಂದೆ ಸರಿದು ಜಾಗ ಮಾಡಿಕೊಳ್ಳುತ್ತಾನೆ. ಟ್ರಾಪ್‌ಗೆ ಹೊರಟವನು ಲೈನಿಗೆ ಅಂಟಿಕೊಂಡು, ಸೆಂಟರ್‌ನ ಬೆನ್ನು ಸವರಿಕೊಂಡೇ ಹೋಗುತ್ತಾನೆ. ಎರಡೂ ಪುಲ್ಲೇ (ಲೈನ್ ಬಿಟ್ಟು ಪಕ್ಕಕ್ಕೆ ಓಡುವುದು), ಆದರೆ ದಾರಿ ಬೇರೆ. ಇದು ಕಣ್ಣಿಗೆ ಕೂತರೆ ಅರ್ಧ ಆಟ ಕೈಗೆ ಬಂದ ಹಾಗೆ.

ಮನೆಯಲ್ಲಿ ಹೀಗೆ ಮಾಡಿ. ಹಡಲ್‌ನಲ್ಲಿ (ಪಂದ್ಯದ ವಿಡಿಯೋ ಸಿಗುವ ಆ್ಯಪ್) ಡಿಫೆನ್ಸ್‌ನ ಹಿಂದೆ ಎಂಡ್ ಝೋನ್ ಕಡೆಯಿಂದ, ಅಂದರೆ ಮೈದಾನದ ತುದಿಯಿಂದ, ತೆಗೆದ ವಿಡಿಯೋ ಇದ್ದರೆ ಅದನ್ನೇ ಹಾಕಿ. ಒಂದು ಬಿಳಿ ಹಾಳೆ ತಗೊಂಡು ಲ್ಯಾಪ್‌ಟಾಪ್ ಪರದೆಯ ಮೇಲೆ ಬ್ಯಾಕ್‌ಗಳು ಕಾಣದ ಹಾಗೆ ಹಿಡಿಯಿರಿ. ಲೈನ್ ಮಾತ್ರ ಕಾಣಬೇಕು. ಸ್ನ್ಯಾಪ್ ಆಗಿ, ಅಂದರೆ ಸೆಂಟರ್ ಬಾಲ್ ಹಿಂದಕ್ಕೆ ಕೊಟ್ಟು, ಒಂದು ಸೆಕೆಂಡಿಗೆ ನಿಲ್ಲಿಸಿ, ಬಾಲ್ ಎಲ್ಲಿ ಹೋಯಿತು ಅಂತ ಕೇಳಿ. ಆಮೇಲೆ ಹಾಳೆ ತೆಗೆದು ಪೂರ್ತಿ ಓಡಿಸಿ. ನಾವು ಮೈದಾನದಲ್ಲೂ ಇದನ್ನೇ ಮಾಡುತ್ತಿದ್ದೆವು, ಬಾಲ್ ಇಲ್ಲದೆ ಪ್ರಾಕ್ಟೀಸ್. ಎದುರಿಗೆ ಹನ್ನೊಂದು ಜನ ಆಟ ಆಡುತ್ತಾರೆ, ಕೈಯಲ್ಲಿ ಬಾಲೇ ಇರಲ್ಲ. ಮೊದಲ ದಿನ ಹುಡುಗರು ಬಾಲ್ ಹುಡುಕಿ ಕಂಗಾಲಾಗುತ್ತಾರೆ. ಮೂರನೇ ದಿನ ಹುಡುಕುವುದನ್ನೇ ಬಿಡುತ್ತಾರೆ. ನಮಗೆ ಬೇಕಾದದ್ದೂ ಅದೇ.

ಲೈನ್_ಪ್ರೇಮಿ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎಲ್ಲಾ ಹೊರೆಯನ್ನೂ ಲೈನ್‌ಬ್ಯಾಕರ್ ತಲೆ ಮೇಲೆ ಹಾಕಬೇಡಿ. ವಿಂಗ್ ಟಿ ಸೋಲುವುದು ಮೊದಲು ಮುಂದಿನ ಸಾಲಿನಲ್ಲಿ. ನಮ್ಮ ಟ್ಯಾಕಲ್‌ಗಳು (ಮುಂದಿನ ನಾಲ್ವರಲ್ಲಿ ಒಳಗಿನ ಇಬ್ಬರು) ಗಾರ್ಡ್‌ಗಳ ಎದುರಿಗೇ ನಿಂತು ಸ್ನ್ಯಾಪ್ ಆದ ತಕ್ಷಣ ಒಂದು ಗಜ ಹಿಂದೆ ನೂಕಿದರೆ ಗಾರ್ಡ್ ಪುಲ್ ಮಾಡುವುದಾದರೂ ಹೇಗೆ? ಅವನು ಹೊರಟರೆ ಅವನು ಬಿಟ್ಟ ಸಂದಿಯಿಂದಲೇ ನಮ್ಮವನು ಒಳಗೆ ನುಗ್ಗಬಹುದು.

ಇನ್ನೊಂದು. ಎದುರಿಗಿದ್ದವನು ನಿಮ್ಮ ಲೈನ್‌ಮ್ಯಾನ್‌ನನ್ನು ಮುಟ್ಟದೆ ಒಳಕ್ಕೆ ಬಗ್ಗಿ ಹೋದರೆ ಅದು ಖುಷಿಪಡುವ ಹೊತ್ತಲ್ಲ. ದಾರಿ ಖಾಲಿ ಸಿಕ್ಕಿತು ಅಂತ ಮುಂದೆ ಓಡಿದರೆ ಪಕ್ಕದಿಂದ ಟ್ರಾಪ್ ಬ್ಲಾಕ್ ಬಂದು ಎತ್ತಿ ಬಿಸಾಡುತ್ತದೆ. ಒಳಗೆ ಹೋಗುವವನ ಮೈಮೇಲೆ ಕೈ ಇಟ್ಟು ಅವನ ಜೊತೆಯೇ ಒಳಕ್ಕೆ ಒತ್ತಬೇಕು, ತಗ್ಗಿರಬೇಕು, ಬರುವ ಗಾರ್ಡ್‌ನ ಒಳಬದಿಗೆ ತನ್ನ ಹೊರಭುಜ ಕೊಟ್ಟು ಗುದ್ದಬೇಕು. ಆಗ ದಾರಿ ಮುಚ್ಚಿ ಓಡುವವನು ಹೊರಗೆ ತಿರುಗುತ್ತಾನೆ, ಅಲ್ಲಿ ಲೈನ್‌ಬ್ಯಾಕರ್ ಕಾಯುತ್ತಿರಬೇಕು. ಅಲ್ಲಿ ಯಾರೂ ಇಲ್ಲದಿದ್ದರೆ ಮಾತ್ರ ನೇರ ಟಚ್‌ಡೌನ್. ಅದಕ್ಕೇ ಈ ಇಬ್ಬರಿಗೂ ಮೊದಲೇ ಮಾತಾಗಿರಬೇಕು.

ಫುಲ್‌ಬ್ಯಾಕ್‌ನನ್ನು ಕೆಡವಿದ್ದೂ ತಪ್ಪಲ್ಲ ಸರ್. ಪ್ರತಿ ಸಲ ಅವನನ್ನು ಯಾರಾದರೂ ಕೆಡವಲೇಬೇಕು, ಬಾಲ್ ಇರಲಿ ಬಿಡಲಿ. ಅದು ಯಾರ ಕೆಲಸ ಅನ್ನುವುದು ಪಂದ್ಯಕ್ಕೆ ಮೊದಲೇ ಗೊತ್ತಿರಬೇಕು, ಅಷ್ಟೇ.

ಎಂಡ್_ಹುಡುಗನ_ಅಮ್ಮ

ನನ್ನ ಮಗ ಡಿಫೆನ್ಸಿವ್ ಎಂಡ್ (ಮುಂದಿನ ಸಾಲಿನ ತುದಿಯವನು) ಆಗಿದ್ದ, ಹೋದ ವರ್ಷ ಹೈಸ್ಕೂಲು ಮುಗಿಸಿದ. ಅವನು ಪಂದ್ಯದ ದಿನ ಮಣಿಕಟ್ಟಿನ ಟೇಪಿನ ಮೇಲೆ ಪೆನ್ನಿನಲ್ಲಿ ಮೂರು ಪದ ಬರೆದುಕೊಳ್ಳುತ್ತಿದ್ದ: ಬೂಟ್, ಕೌಂಟರ್, ರಿವರ್ಸ್. ಮೂರೂ ಒಂದು ಕಡೆ ತೋರಿಸಿ ಬಾಲ್ ಇನ್ನೊಂದು ಕಡೆ ತರುವ ಆಟಗಳು. ಆಟ ಅವನಿಂದ ಆ ಕಡೆಗೆ ಹೊರಟರೆ ಅವನು ಅಟ್ಟಿಸಿಕೊಂಡು ಹೋಗುವ ಹಾಗಿಲ್ಲ. ಈ ಮೂರೂ ಬರಲ್ಲ ಅಂತ ಖಾತ್ರಿ ಆಗುವವರೆಗೆ ತನ್ನ ಜಾಗ ಕಾಯಬೇಕು. ಅವನಿಗೆ ಅದು ತುಂಬ ಕಷ್ಟವಾಗುತ್ತಿತ್ತು, ಯಾಕೆಂದರೆ ಹತ್ತರಲ್ಲಿ ಎಂಟು ಸಲ ಸುಮ್ನೆ ನಿಂತ ಹಾಗೆ ಕಾಣುತ್ತದೆ, ಸ್ಟ್ಯಾಂಡ್‌ನಿಂದ ಬೇರೆ ಅಪ್ಪಂದಿರು "ಓಡೋ" ಅಂತ ಕೂಗುತ್ತಾರೆ. ಹಾಗೆ ಕೂಗಬೇಡಿ. ಅವನು ಆ ಹೊತ್ತಿನಲ್ಲಿ ಮಾಡುತ್ತಿರುವುದೇ ದೊಡ್ಡ ಕೆಲಸ.

ಮತ್ತೆ ದಯವಿಟ್ಟು ಇಲ್ಲಿ ಓದಿದ್ದನ್ನು ನೇರವಾಗಿ ಮಗನಿಗೆ ಹೇಳಿಕೊಡಬೇಡಿ. ಕೆಲವು ಕೋಚ್‌ಗಳು ಗಾರ್ಡ್ ನೋಡು ಅನ್ನುತ್ತಾರೆ, ಕೆಲವರು ಹತ್ತಿರದ ಬ್ಯಾಕ್ ನೋಡು ಅನ್ನುತ್ತಾರೆ. ಒಬ್ಬ ಒಂದು ನೋಡಿ, ಪಕ್ಕದವನು ಇನ್ನೊಂದು ನೋಡಿದರೆ ಇಡೀ ಡಿಫೆನ್ಸ್ ಹರಿದುಹೋಗುತ್ತದೆ. ಪ್ರಾಕ್ಟೀಸ್ ಮುಗಿದ ಮೇಲೆ ಅವನೇ ಹೋಗಿ "ಕೋಚ್, ನನ್ನ ಕೀ ಯಾರು, ಅವನು ಹೋದರೆ ನಾನೇನು ಮಾಡಬೇಕು" ಅಂತ ಕೇಳಲಿ. ಯಾವ ಕೋಚೂ ಇಂಥ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಓಹಾಯೋ_ಅಪ್ಪ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಮ್ಮ ಅವರೇ, ನಿಮ್ಮ ಮಾತಿನಂತೆ ಮೊದಲು ಕೋಚ್ ಹತ್ತಿರ ಕಳಿಸಿದೆ. ಅವನ ಕೀ ಎದುರಿನ ಗಾರ್ಡೇ ಅಂತೆ. ಮಗ ಇಷ್ಟು ದಿನ ಅದನ್ನು ಸ್ನ್ಯಾಪ್‌ಗೆ ಮುಂಚೆ ಮಾತ್ರ ನೋಡಬೇಕು ಅಂದುಕೊಂಡಿದ್ದನಂತೆ!

ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಹಾಳೆ ಹಿಡಿದು ಕೂತೆವು. ಮೊದಲ ಐದಾರು ಆಟ ತಪ್ಪು ಹೇಳಿದ. ಆಮೇಲೆ ಒಂದು ಕಡೆ ತಾನೇ ನಿಲ್ಲಿಸಿ, "ಅಪ್ಪಾ ನೋಡು, ಈ ಬಲಗಡೆ ಗಾರ್ಡ್ ಪುಲ್ ಮಾಡೋವಾಗ ನೆಲದ ಮೇಲಿನ ಕೈಗೆ ಭಾರಾನೇ ಹಾಕಲ್ಲ" ಅಂದ. ನನಗೆ ಎರಡು ಸಲ ನೋಡಿದ ಮೇಲೆ ಕಂಡಿತು. ಮುಂದೆ ನುಗ್ಗುವಾಗ ಬೆರಳುಗಳು ಹುಲ್ಲಿನಲ್ಲಿ ಹೂತಿರುತ್ತವೆ, ಪುಲ್‌ಗೆ ಮುಂಚೆ ಬರೀ ತುದಿ ತಾಗಿರುತ್ತದೆ. ಅವನ ಮುಖದಲ್ಲಿ ಆ ನಗು ನೋಡಿ ವಾರವೇ ಆಗಿತ್ತು.

ಒಂದೇ ಅನುಮಾನ ಉಳಿದಿದೆ. ಮೋಸ ಮಾಡಲೆಂದೇ ಒಬ್ಬ ಗಾರ್ಡ್ ಎಡಕ್ಕೆ, ಇನ್ನೊಬ್ಬ ಬಲಕ್ಕೆ ಹೋದರೆ?

ಡೆಲವೇರ್_ಕನ್ನಡಿಗ

ಕೈಯ ಭಾರ ಗಮನಿಸಿದ್ದು ಭಲೇ ಕಣ್ಣು, ಅವನಿಗೆ ಶಭಾಷ್ ಹೇಳಿ. ಆದರೆ ಅದು ಸುಳಿವು ಮಾತ್ರ. ಅದನ್ನು ನಂಬಿ ಸ್ನ್ಯಾಪ್‌ಗೆ ಮುಂಚೆಯೇ ಜಾಗ ಬಿಡುವುದು ಬೇಡ. ಮುಂದಿನ ಟೀಮಿನ ಗಾರ್ಡ್ ಹಾಗೆ ಕೂರದೆಯೂ ಇರಬಹುದು.

ಇಬ್ಬರು ಬೇರೆ ಬೇರೆ ಕಡೆ ಹೋದರೆ ಅವನು ತನ್ನ ಗಾರ್ಡ್ ಹಿಂದೆಯೇ ಹೋಗಲಿ, ಪಕ್ಕದ ಲೈನ್‌ಬ್ಯಾಕರ್ ತನ್ನವನ ಹಿಂದೆ ಹೋಗುತ್ತಾನೆ. ಆಗ ಎರಡೂ ಕಡೆ ನಮ್ಮವನೊಬ್ಬ ಇದ್ದೇ ಇರುತ್ತಾನೆ. ಅವನ ಕಡೆ ಬಾಲ್ ಬರದಿದ್ದರೆ ಅವನು ಕೆಲಸ ಮಾಡಿಲ್ಲ ಅಂತ ಅಲ್ಲ, ಇದನ್ನು ಇವತ್ತೇ ಹೇಳಿಬಿಡಿ. ಪಂದ್ಯ ಆದ ಮೇಲೆ ಏನಾಯಿತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.