ಕಣ್ಣಿಗೆ ಬಿದ್ದ ಹೂವನ್ನು ಲೇಸರ್‌ನಲ್ಲಿ ತೆಗೆಸಬಹುದಾ?

ಪಾಂಡವಪುರದವನು:
ಹೋದ ವರ್ಷ ಕಬ್ಬು ಕಡಿಯುವಾಗ ನಮ್ಮಣ್ಣನ ಎಡಗಣ್ಣಿಗೆ ಸೋಗೆ ಹೊಡೆಯಿತು. ಎರಡು ದಿನ ಸುಮ್ನೆ ಇದ್ದ, ಯಾರೋ ಹೇಳಿದರು ಅಂತ ಎದೆಹಾಲು ಬೇರೆ ಬಿಟ್ಟುಕೊಂಡ, ಆಮೇಲೆ ಫಂಗಸ್ ಆಗಿ ತಿಂಗಳುಗಟ್ಟಲೆ ಡ್ರಾಪ್ಸ್ ಹಾಕಿದ್ದೇ ಹಾಕಿದ್ದು. ಹುಣ್ಣು ವಾಸಿಯಾಯಿತು, ಕರಿಗುಡ್ಡೆ ಮೇಲೆ ಬಿಳಿ ಹೂ ಉಳಿಯಿತು. ಒಬ್ಬರು ಲೇಸರ್ ಅನ್ನುತ್ತಾರೆ, ಇನ್ನೊಬ್ಬರು ಕಣ್ಣೇ ಬದಲಾಯಿಸಬೇಕು ಅನ್ನುತ್ತಾರೆ. ಕನ್ನಡಕ ಬಿಡಿಸುವ ಲೇಸರ್ ಇದೇನಾ?

ಕನ್ನಡಕದಂಗಡಿ, ಮೈಸೂರು:
ಮಷೀನ್ ಅದೇ, ಎಕ್ಸೈಮರ್. ಕೆಲಸ ಬೇರೆ, ಇದಕ್ಕೆ ಪಿಟಿಕೆ ಅನ್ನುತ್ತಾರೆ. ಸುಡುವುದಿಲ್ಲ, ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ ಪದರ ಪದರವಾಗಿ ಹೆರೆಯುತ್ತದೆ. ಕಾರ್ನಿಯಾ, ಅಂದರೆ ಕರಿಗುಡ್ಡೆ ಮುಂದಿರುವ ಗಾಜಿನಂಥ ಪದರ, ನಡುವೆ ಇರುವುದೇ ಸುಮಾರು 540 ಮೈಕ್ರಾನ್ ದಪ್ಪ, ಅದರಲ್ಲಿ ಮೇಲಿನ ನೂರು ಚಿಲ್ಲರೆ ಮೈಕ್ರಾನ್‌ವರೆಗಿನ ಕಲೆಗೆ ಇದು ಸರಿ. ಅದಕ್ಕಿಂತ ಆಳಕ್ಕೆ ಹೆರೆದರೆ ಕಾರ್ನಿಯಾ ತೆಳುವಾಗಿ ಉಬ್ಬಿಕೊಳ್ಳಬಹುದು. ಫಂಗಸ್ ಹೂ ಬಹಳಷ್ಟು ಸಲ ಆಳಕ್ಕೇ ಇಳಿದಿರುತ್ತದೆ ಅಣ್ಣ. ಮೊದಲು ಕಣ್ಣಿನ ಮುಂಭಾಗದ ಒಸಿಟಿ ಸ್ಕ್ಯಾನ್ ಮಾಡಿಸಿ, ಆಳ ಎಷ್ಟು ಅಂತ ಕೇಳಿ. ಅದು ಗೊತ್ತಾಗದೆ ಲೇಸರ್ ಬಗ್ಗೆ ಮಾತಾಡುವುದೇ ದಂಡ.

ಒಂಟಿಕೊಪ್ಪಲು:
ನಾನು ಮಾಡಿಸಿಕೊಂಡಿದ್ದೇನೆ, ಆದರೆ ನನ್ನದು ಗಾಯ ಅಲ್ಲ, ಗ್ರ್ಯಾನ್ಯುಲರ್ ಡಿಸ್ಟ್ರೋಫಿ, ಅಪ್ಪನಿಂದ ಬಂದ ಆಸ್ತಿ. ಕಾರ್ನಿಯಾದಲ್ಲಿ ರೊಟ್ಟಿ ಪುಡಿ ಉದುರಿಸಿದ ಹಾಗೆ ಚುಕ್ಕೆ. ಮರಗಟ್ಟುವ ಡ್ರಾಪ್ಸ್ ಹಾಕಿ ಲೇಸರ್ ಬಿಟ್ಟರು, ಏನೂ ಗೊತ್ತಾಗಲಿಲ್ಲ. ಆವತ್ತು ರಾತ್ರಿಯಿಂದ ಮೂರು ದಿನ ಮಾತ್ರ ಕಣ್ಣಿಗೆ ಖಾರದಪುಡಿ ಎರಚಿದ ಹಾಗೆ! ಮೇಲಿನ ಚರ್ಮ ಮತ್ತೆ ಬೆಳೆಯುವವರೆಗೆ ಬ್ಯಾಂಡೇಜ್ ಲೆನ್ಸ್, ಆಮೇಲೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಡ್ರಾಪ್ಸ್, ಜೊತೆಗೆ ಕಣ್ಣಿನ ಪ್ರೆಷರ್ ಚೆಕ್ಕು. ಮಬ್ಬು ಹೋಯಿತು, ಬದಲಿಗೆ ಪ್ಲಸ್ ನಂಬರ್ ಬಂತು. ನಡುವೆ ಹೆರೆದರೆ ಕಾರ್ನಿಯಾ ಚಪ್ಪಟೆಯಾಗುತ್ತದಲ್ವಾ, ಅದಕ್ಕೆ. ವರ್ಷಗಳಾದ ಮೇಲೆ ಚುಕ್ಕೆ ಮತ್ತೆ ಬರಬಹುದು ಅಂತಲೂ ಹೇಳಿದ್ದಾರೆ.

ಮದ್ದೂರು ವಡೆ:
ಇದನ್ನು ಓದುವ ಬೇರೆಯವರಿಗೆ: ಹೂ ಹರ್ಪಿಸ್‌ನಿಂದ ಬಿದ್ದಿದ್ದರೆ ಲೇಸರ್‌ಗೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಮಲಗಿದ್ದ ವೈರಸ್ಸನ್ನು ಲೇಸರ್ ಎಬ್ಬಿಸಬಹುದು, ಅದಕ್ಕೇ ಮುಂಚಿನಿಂದಲೇ ವೈರಸ್ ತಡೆಯುವ ಅಸೈಕ್ಲೊವಿರ್ ಮಾತ್ರೆ ಕೊಡುತ್ತಾರೆ.

ಪಾಂಡವಪುರದವನು:
ಸ್ಕ್ಯಾನ್ ಆಯಿತು. ಹೂವಿನ ಆಳ 280 ಮೈಕ್ರಾನ್, ಅರ್ಧಕ್ಕಿಂತ ಜಾಸ್ತಿ. ಲೇಸರ್ ಬೇಡ ಅಂದರು. ಹೂ ನಟ್ಟನಡುವೆ ಇಲ್ಲ, ಮಬ್ಬಿಗೆ ಕಾರ್ನಿಯಾ ಏರುಪೇರಾಗಿರುವುದೇ ಮುಖ್ಯ ಕಾರಣ ಅಂತೆ. ಮೊದಲು ಗಟ್ಟಿ ಲೆನ್ಸ್ ಹಾಕಿ ನೋಡೋಣ, ಆಗದಿದ್ದರೆ ಕಾರ್ನಿಯಾದ ಮುಂಭಾಗದ ಪದರ ಮಾತ್ರ ಕಸಿ ಮಾಡುವ ಡಾಲ್ಕ್ ಆಪರೇಷನ್ ಅಂದಿದ್ದಾರೆ. ಟ್ರಯಲ್ ಲೆನ್ಸ್ ಹಾಕಿದಾಗ ಅಣ್ಣ ಗೋಡೆ ಕ್ಯಾಲೆಂಡರಿನ ತಾರೀಖು ಓದಿದ. ಗದ್ದೆ ಧೂಳಲ್ಲಿ ಆ ಲೆನ್ಸ್ ಹಾಕಿಕೊಂಡು ಕೆಲಸ ಮಾಡುವುದು ಹೇಗೆ, ಯಾರಿಗಾದರೂ ಗೊತ್ತಿದ್ದರೆ ಹೇಳಿ.